ಸ್ಪೋರ್ಟ್ಸ್ ಕಾರಿಗೆ ಸಾದಾ ಪೆಟ್ರೋಲು

ಪೆಟ್ರೋಲ್ ಬಂಕಿನಲ್ಲಿ ಸಾದಾ ಪೆಟ್ರೋಲಿನ ಪಕ್ಕದಲ್ಲೇ ಹೆಚ್ಚಿನ ಬೆಲೆಯ ಇನ್ನೊಂದು ಪೆಟ್ರೋಲು ದೊರೆಯುವುದನ್ನೂ ಅದರ ಹೆಸರಿಗೆ 95, 99, 100 ಎಂಬಂಥ ಒಂದು ಅಂಕಿ ಅಂಟಿಕೊಂಡಿರುವುದನ್ನೂ ವಾಹನ ಉಳ್ಳವರೆಲ್ಲ ಕಂಡಿರುತ್ತಾರಾದರೂ, ಆ ಅಂಕಿ ಅಳೆಯುವುದು ಏನನ್ನು ಎಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ಬೆಲೆ ಹೆಚ್ಚಿರುವುದರಿಂದ ಅದರಲ್ಲಿ ಶಕ್ತಿಯೂ ಹೆಚ್ಚಿರಬೇಕು, ಅದು ಹೆಚ್ಚು ಶುದ್ಧವಾಗಿರಬೇಕು, ಆದ್ದರಿಂದ ಯಾವ ಗಾಡಿಗೆ ಹಾಕಿದರೂ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ಒಂದು ಕಡೆ ಇದ್ದರೆ, ಪೆಟ್ರೋಲು ಎಂದರೆ ಪೆಟ್ರೋಲೇ, ದುಬಾರಿಯದು ಕೇವಲ ಕಂಪನಿಗಳ ವ್ಯಾಪಾರದ ತಂತ್ರ ಎಂಬ ನಂಬಿಕೆ ಇನ್ನೊಂದು ಕಡೆ ಇದೆ. ಮೊದಲನೆಯ ನಂಬಿಕೆಯಿಂದ ಸಾಮಾನ್ಯ ಕಾರಿನ ಒಡೆಯರು ವರ್ಷವಿಡೀ ವ್ಯರ್ಥವಾಗಿ ಹಣ ಕಳೆಯುತ್ತಾರೆ. ಎರಡನೆಯದರಿಂದ ಸ್ಪೋರ್ಟ್ಸ್ ಕಾರಿನ ಒಡೆಯರು ತಾವು ಹಣ ಕೊಟ್ಟು ಪಡೆದ ಶಕ್ತಿಯ ಒಂದು ಪಾಲನ್ನು, ಕೆಲವೊಮ್ಮೆ ಎಂಜಿನ್ನಿನ ಆಯುಸ್ಸನ್ನೇ, ಕಳೆದುಕೊಳ್ಳುತ್ತಾರೆ. ಎರಡೂ ತಪ್ಪಿಗೆ ಮೂಲ ಒಂದೇ: ಆ ಅಂಕಿಯನ್ನು ಪೆಟ್ರೋಲಿನ ದರ್ಜೆ ಎಂದು ಓದುವುದು. ವಾಸ್ತವದಲ್ಲಿ ಅದು ಒತ್ತಡಕ್ಕೂ ಬಿಸಿಗೂ ಸಿಕ್ಕಿದ ಪೆಟ್ರೋಲು ಕಿಡಿ ತಾಗುವವರೆಗೆ ಹೊತ್ತಿಕೊಳ್ಳದೆ ಎಷ್ಟು ತಾಳಿಕೊಳ್ಳಬಲ್ಲದು ಎಂಬುದರ ಅಳತೆ.

ಈ ತಾಳಿಕೆಗೆ ಆಕ್ಟೇನ್ ಸಂಖ್ಯೆ ಎಂದು ಹೆಸರು. ಅದರ ಅಳತೆಗೋಲನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ 1920ರ ದಶಕದ ನಡುವಿನಲ್ಲಿ ಎರಡು ಶುದ್ಧ ದ್ರವಗಳನ್ನು ಆಧಾರವಾಗಿಟ್ಟುಕೊಂಡು ರೂಪಿಸಿದರು. ಒತ್ತಿದೊಡನೆ ತಾನಾಗಿ ಹೊತ್ತಿಕೊಳ್ಳುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ ಎಂದೂ, ಬಹಳ ಹೊತ್ತು ತಾಳಿಕೊಳ್ಳುವ ಐಸೋಆಕ್ಟೇನ್ ಎಂಬ ದ್ರವಕ್ಕೆ ನೂರು ಎಂದೂ ಬೆಲೆ ಕಟ್ಟಲಾಯಿತು. ಪಶ್ಚಿಮ ಅಮೆರಿಕದ ಬೆಟ್ಟಗಳಲ್ಲಿ ಬೆಳೆಯುವ ಜೆಫ್ರಿ ಪೈನ್ ಎಂಬ ಮರದ ರಾಳವನ್ನು ಬಟ್ಟಿ ಇಳಿಸಿದಾಗ ಬಹುಮಟ್ಟಿಗೆ ಶುದ್ಧವಾದ ಹೆಪ್ಟೇನ್ ದೊರೆಯುತ್ತಿದ್ದುದರಿಂದ, ಈ ಅಳತೆಗೋಲಿನ ಸೊನ್ನೆ ಮೊದಲಿಗೆ ಕಾಡಿನ ಮರವೊಂದರಿಂದಲೇ ಬಂದಿತು. ಯಾವುದಾದರೂ ಪೆಟ್ರೋಲಿನ ಆಕ್ಟೇನ್ ಸಂಖ್ಯೆ 91 ಎಂದರೆ, ನೂರರಲ್ಲಿ 91 ಪಾಲು ಐಸೋಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟೇ ತಾಳಿಕೆ ಅದಕ್ಕಿದೆ ಎಂದು ಅರ್ಥ. ಆ ಪೆಟ್ರೋಲಿನಲ್ಲಿ ಆ ದ್ರವಗಳು ಅಷ್ಟೇ ಪ್ರಮಾಣದಲ್ಲಿ ಇರಬೇಕೆಂದಿಲ್ಲ. ಪರೀಕ್ಷೆಗೆಂದೇ 1920ರ ದಶಕದ ಕೊನೆಯಲ್ಲಿ ರೂಪುಗೊಂಡ ಒಂದೇ ಸಿಲಿಂಡರಿನ, ಸಿಲಿಂಡರನ್ನು ಮೇಲೆ ಕೆಳಗೆ ಸರಿಸಿ ಒತ್ತಡವನ್ನು ಹೆಚ್ಚು ಕಡಿಮೆ ಮಾಡಬಹುದಾದ ಎಂಜಿನ್ನಿನ ವಂಶದವೇ ಇಂದಿಗೂ ತೈಲ ಸಂಸ್ಕರಣಾಗಾರಗಳ ಪ್ರಯೋಗಾಲಯಗಳಲ್ಲಿ ಈ ಅಂಕಿಯನ್ನು ನಿರ್ಧರಿಸುತ್ತಿವೆ.

ತಾಳಿಕೆ ಏಕೆ ಬೇಕು ಎಂಬುದನ್ನು ತಿಳಿಯಲು ಸಿಲಿಂಡರಿನೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರುವಾಗ ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಪಾಲು ಮಾತ್ರ ಹಿಡಿಯುತ್ತದೆ. ಪಿಸ್ಟನ್ ಮೇಲೇರುತ್ತ ಗಾಳಿ ಮತ್ತು ಪೆಟ್ರೋಲಿನ ಆವಿಯ ಮಿಶ್ರಣವನ್ನು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದು ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತಿರುವ ಸಂಗತಿಯೇ ಆದರೂ, ಇಲ್ಲಿ ಆ ಬಿಸಿ 400 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಹುದು. ಪಿಸ್ಟನ್ ತುತ್ತತುದಿಗೆ ತಲುಪುವುದಕ್ಕೆ ತುಸು ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಏಕೆಂದರೆ ಜ್ವಾಲೆ ಹಬ್ಬಲು ಸಮಯ ಬೇಕು. ಅದು ಪ್ಲಗ್ಗಿನ ಬಳಿ ಹುಟ್ಟಿ, ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಗೋಡೆಯ ಕಡೆಗೆ ಸಾಗುತ್ತದೆ. ಹೀಗೆ ಜ್ವಾಲೆ ಮುಂದುವರಿಯುತ್ತಿರುವಾಗ ಅದರ ಮುಂದಿರುವ, ಇನ್ನೂ ಹೊತ್ತಿಕೊಳ್ಳದ ಮಿಶ್ರಣವು ಒಂದು ಕಡೆಯಿಂದ ಪಿಸ್ಟನ್ನಿನ, ಇನ್ನೊಂದು ಕಡೆಯಿಂದ ಉರಿದು ಹಿಗ್ಗಿದ ಅನಿಲದ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಮೂಲೆಗೆ ಒತ್ತರಿಸಲ್ಪಟ್ಟು ಮತ್ತಷ್ಟು ಬಿಸಿಯಾಗುತ್ತದೆ. ಜ್ವಾಲೆ ಬಂದು ಮುಟ್ಟುವವರೆಗೆ ಆ ಮೂಲೆಯ ಮಿಶ್ರಣ ತಾಳಿಕೊಂಡರೆ ಉರಿಯು ಕ್ರಮವಾಗಿ ಮುಗಿದು ಪಿಸ್ಟನ್ನಿನ ಮೇಲೆ ಒಂದೇ ಸಮನಾದ ನೂಕು ಬೀಳುತ್ತದೆ. ತಾಳಿಕೊಳ್ಳಲಾರದೆ ಹೋದರೆ ಅದು ಕಿಡಿಯ ಹಂಗಿಲ್ಲದೆ, ಅಷ್ಟೂ ಏಕಕಾಲಕ್ಕೆ ಹೊತ್ತಿಕೊಂಡು ಸಿಡಿಯುತ್ತದೆ.

ಈ ಸಿಡಿತಕ್ಕೇ ನಾಕಿಂಗ್ ಎನ್ನುತ್ತಾರೆ. ಘಾಟಿಯ ಏರಿನಲ್ಲಿ ಗೇರು ಇಳಿಸದೆ ಆಕ್ಸಿಲರೇಟರ್ ಒತ್ತಿದಾಗ ಹಳೆಯ ಕಾರುಗಳಿಂದ ಕೇಳಿಬರುತ್ತಿದ್ದ, ಡಬ್ಬದಲ್ಲಿ ಗೋಲಿ ಕುಲುಕಿದಂಥ ಸದ್ದು ಅದೇ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಹೇಳುವುದಾದರೆ ಗಾಡಿ ‘ನಾಕ್ ಹೊಡೆಯುತ್ತಿದೆ’. ಸಿಡಿತದಿಂದ ಹುಟ್ಟಿದ ಒತ್ತಡದ ಅಲೆಗಳು ಸಿಲಿಂಡರಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿದು ಮರಳುತ್ತ ಲೋಹವನ್ನೇ ಗಂಟೆಯಂತೆ ಮೊಳಗಿಸುತ್ತವೆ. ಆ ನಾದದ ಶ್ರುತಿ ಸಿಲಿಂಡರಿನ ಅಗಲವನ್ನು ಅವಲಂಬಿಸಿದ್ದು, 86 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಅದು ಸೆಕೆಂಡಿಗೆ ಸುಮಾರು 6,700 ಕಂಪನಗಳಷ್ಟಿರುತ್ತದೆ. ಸದ್ದಿಗಿಂತ ದೊಡ್ಡ ಕೇಡು ಬೇರೊಂದಿದೆ. ಉರಿಯುವ ಅನಿಲದ ಬಿಸಿ ಎರಡು ಸಾವಿರ ಡಿಗ್ರಿಯನ್ನು ಮೀರಿದರೂ ಅಲ್ಯೂಮಿನಿಯಂ ಪಿಸ್ಟನ್ ಕರಗದೆ ಉಳಿಯುವುದು, ಅದರ ಮೈಗಂಟಿ ನಿಂತ ತೆಳುವಾದ, ಅಷ್ಟೊಂದು ಬಿಸಿಯಿಲ್ಲದ ಅನಿಲದ ಪದರವೊಂದು ಹೊದಿಕೆಯಂತೆ ಕಾಯುವುದರಿಂದ. ನಾಕಿಂಗಿನ ಅಲೆಗಳು ಆ ಹೊದಿಕೆಯನ್ನು ಕಿತ್ತುಹಾಕುತ್ತವೆ. ಆಗ ಪಿಸ್ಟನ್ನಿನ ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ, ರಿಂಗುಗಳ ನಡುವಿನ ಲೋಹದ ಪಟ್ಟಿ ಬಿರಿಯುತ್ತದೆ, ತೀವ್ರವಾದ ನಾಕಿಂಗ್ ಮುಂದುವರಿದರೆ ಪಿಸ್ಟನ್ ತೂತಾಗುವುದೂ ಉಂಟು.

ಹಾಗಾದರೆ ಮಿಶ್ರಣವನ್ನು ಅಷ್ಟು ಗಟ್ಟಿಯಾಗಿ ಒತ್ತುವುದೇ ಏಕೆ ಎಂಬ ಪ್ರಶ್ನೆ ಏಳುತ್ತದೆ. ಪಿಸ್ಟನ್ ಕೆಳಗಿರುವಾಗ ಸಿಲಿಂಡರಿನಲ್ಲಿರುವ ಜಾಗಕ್ಕೂ ಅದು ಮೇಲೇರಿದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣವನ್ನು ಸಂಪೀಡನ ಅನುಪಾತ ಎನ್ನುತ್ತಾರೆ. ಈ ಅನುಪಾತ ಹೆಚ್ಚಿದಷ್ಟೂ ಅದೇ ಪ್ರಮಾಣದ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು: ಸೋರಿಕೆ, ಘರ್ಷಣೆ ಮೊದಲಾದ ನಷ್ಟಗಳನ್ನು ಬದಿಗಿಟ್ಟ ಆದರ್ಶ ಲೆಕ್ಕದಲ್ಲಿ ಅನುಪಾತ 8 ಇದ್ದಾಗ ಶಾಖದ ಶೇಕಡ 56ರಷ್ಟು, 12 ಇದ್ದಾಗ ಶೇಕಡ 63ರಷ್ಟು ಕೆಲಸವಾಗಿ ಮಾರ್ಪಡುತ್ತದೆ. ನಿಜವಾದ ಎಂಜಿನ್ನುಗಳು ಇದಕ್ಕಿಂತ ಬಹಳ ಕೆಳಗೇ ನಿಲ್ಲುತ್ತವಾದರೂ ಏರಿಕೆಯ ದಿಕ್ಕು ಅದೇ. ಒಂದು ಕಾಲಕ್ಕೆ ಭಾರತದ ರಸ್ತೆಗಳನ್ನು ಆಳಿದ ಅಂಬಾಸಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅನುಪಾತ 7ರ ಆಸುಪಾಸಿನಲ್ಲಿದ್ದರೆ, ಮಜ್ದಾ ಕಂಪನಿಯ ಈಗಿನ ಪುಟ್ಟ ಸ್ಪೋರ್ಟ್ಸ್ ಕಾರಾದ ಎಂಎಕ್ಸ್-5ರ ಎರಡು ಲೀಟರ್ ಎಂಜಿನ್ನಿನಲ್ಲಿ ಅದು 13. ಸ್ಪೋರ್ಟ್ಸ್ ಕಾರನ್ನು ರೂಪಿಸುವವರು ಹಗುರವಾದ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯಬೇಕಾದ್ದರಿಂದ ಅನುಪಾತವನ್ನು ಪೆಟ್ರೋಲು ತಾಳುವ ಅಂಚಿನವರೆಗೂ ಏರಿಸಿರುತ್ತಾರೆ. ಇಲ್ಲವೇ ಟರ್ಬೊ ಎಂಬ, ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಮೊದಲೇ ಒತ್ತಿ ಒಳಗೆ ತುಂಬುವ ಚಕ್ರವನ್ನು ಅಳವಡಿಸಿ ಅದೇ ಅಂಚನ್ನು ಬೇರೆ ದಾರಿಯಿಂದ ಮುಟ್ಟಿರುತ್ತಾರೆ. ಹೆಚ್ಚು ಆಕ್ಟೇನಿನ ಪೆಟ್ರೋಲು ಆ ಅಂಚನ್ನು ಇನ್ನಷ್ಟು ಆಚೆಗೆ ಸರಿಸುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎರಡೂ ಬಗೆಯ ಪೆಟ್ರೋಲಿನಲ್ಲಿರುವ ಶಾಖಶಕ್ತಿ ಹೆಚ್ಚು ಕಡಿಮೆ ಒಂದೇ.

ಪೆಟ್ರೋಲಿನ ತಾಳಿಕೆಯು ತಾನಾಗಿ ಶಕ್ತಿ ಕೊಡುವುದಿಲ್ಲ, ಎಂಜಿನ್ನಿಗೆ ಅದನ್ನು ಬಳಸಿಕೊಳ್ಳುವ ಅವಕಾಶವಿದ್ದರೆ ಮಾತ್ರ ಶಕ್ತಿಯಾಗುತ್ತದೆ ಎಂಬುದಕ್ಕೆ ಎರಡನೆಯ ಮಹಾಯುದ್ಧದ ವಿಮಾನಗಳಿಗಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನಗಳು 87 ಆಕ್ಟೇನಿನ ಇಂಧನದಿಂದ 100 ಆಕ್ಟೇನಿನ ಇಂಧನಕ್ಕೆ ಬದಲಾದಾಗ, ಅವುಗಳ ಮರ್ಲಿನ್ ಎಂಜಿನ್ನಿಗೆ ಗಾಳಿ ತುಂಬುವ ಹೆಚ್ಚುವರಿ ಒತ್ತಡದ ಮಿತಿಯನ್ನು ಚದರ ಇಂಚಿಗೆ ಆರೂಕಾಲು ಪೌಂಡಿನಿಂದ ಹನ್ನೆರಡು ಪೌಂಡಿಗೆ ಏರಿಸಲು ಸಾಧ್ಯವಾಯಿತು; ಅದರ ಫಲವಾಗಿ ಸುಮಾರು 1,030 ಅಶ್ವಶಕ್ತಿಯ ಎಂಜಿನ್ನು ತುರ್ತು ಸಮಯದಲ್ಲಿ 1,310 ಅಶ್ವಶಕ್ತಿಯವರೆಗೆ ಕೊಡತೊಡಗಿತು. ಇಂಧನವನ್ನು ಬದಲಿಸಿ ಒತ್ತಡದ ಮಿತಿಯನ್ನು ಹಾಗೆಯೇ ಬಿಟ್ಟಿದ್ದರೆ ಈ ಲಾಭ ಸಿಗುತ್ತಿರಲಿಲ್ಲ. ಮಾರುತಿಯಂಥ ಸಣ್ಣ ಕಾರಿಗೆ 100 ಆಕ್ಟೇನಿನ ಪೆಟ್ರೋಲು ತುಂಬಿಸಿ ಹೆಚ್ಚಿನ ಓಟವನ್ನು ನಿರೀಕ್ಷಿಸುವವರ ಆಸೆ ಈಡೇರದಿರುವುದಕ್ಕೆ ಕಾರಣವೂ ಇದೇ: ಆ ಎಂಜಿನ್ನಿಗೆ ಅಷ್ಟು ತಾಳಿಕೆಯ ಅಗತ್ಯವೇ ಬೀಳುವುದಿಲ್ಲ.

ತಾಳಿಕೆಯನ್ನು ಹೆಚ್ಚಿಸುವ ಹಂಬಲ ಮನುಕುಲಕ್ಕೆ ಬಹು ದುಬಾರಿಯಾದ ಅಧ್ಯಾಯವೂ ಈ ಚರಿತ್ರೆಯಲ್ಲಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಾಗಲಾರದು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ ಮತ್ತು ಅವರ ಸಂಗಡಿಗರು ಡಿಸೆಂಬರ್ 1921ರಲ್ಲಿ, ಸೀಸದ ಒಂದು ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ನಾಕಿಂಗ್ ಅಡಗುತ್ತದೆಂದು ಕಂಡುಕೊಂಡರು. 1923ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಮರುವರ್ಷವೇ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಈ ಸಂಯುಕ್ತದ ವಿಷವೇರಿ ಕಾರ್ಮಿಕರು ಬುದ್ಧಿ ಭ್ರಮಿಸಿ ಸತ್ತರೂ ಅದರ ಬಳಕೆ ನಿಲ್ಲಲಿಲ್ಲ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆಂದು ಸಿದ್ಧವಾದ ಮೇಲೆ ಒಂದೊಂದೇ ದೇಶ ಅದನ್ನು ಕೈಬಿಟ್ಟಿತು. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲು ದೇಶವ್ಯಾಪಿಯಾಯಿತು, ಅಲ್ಜೀರಿಯಾ 2021ರಲ್ಲಿ ಎಲ್ಲಕ್ಕಿಂತ ಕೊನೆಯದಾಗಿ ನಿಲ್ಲಿಸಿತು. ಈಗ ತಾಳಿಕೆ ಬರುವುದು ಸಂಸ್ಕರಣಾಗಾರದಲ್ಲಿ ಅಣುಗಳ ರೂಪವನ್ನೇ ಮಾರ್ಪಡಿಸುವುದರಿಂದ. ನೇರವಾದ ಸರಪಣಿಯಂತಿರುವ ಅಣುಗಳು ಬೇಗ ಹೊತ್ತಿಕೊಳ್ಳುತ್ತವೆ, ಕವಲೊಡೆದ ಅಥವಾ ಉಂಗುರದಾಕಾರದ ಅಣುಗಳು ತಾಳಿಕೊಳ್ಳುತ್ತವೆ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಲ್ಲಿಯೂ ನಾಫ್ತಾ ಎಂಬ ಕಡಿಮೆ ಆಕ್ಟೇನಿನ ತೈಲವನ್ನು ವೇಗವರ್ಧಕದ ಮೇಲೆ ಹಾಯಿಸಿ ಹೆಚ್ಚಿನ ಆಕ್ಟೇನಿಗೆ ಏರಿಸುವ ಇಂಥ ಎರಡು ಘಟಕಗಳಿವೆ. ಈ ಹೆಚ್ಚುವರಿ ಸಂಸ್ಕರಣೆಗೆ ತಗಲುವ ಖರ್ಚು ಪ್ರೀಮಿಯಂ ಪೆಟ್ರೋಲಿನ ಬೆಲೆಯಲ್ಲಿ ಸೇರಿರುತ್ತದೆ.

ಸ್ಪೋರ್ಟ್ಸ್ ಕಾರಿಗೆ ಸಾದಾ ಪೆಟ್ರೋಲು ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಐವತ್ತು ವರ್ಷದ ಹಿಂದಿನ ಉತ್ತರವೂ ಇಂದಿನ ಉತ್ತರವೂ ಬೇರೆಯಾಗಿರುವುದು ನಾಕ್ ಸೆನ್ಸರ್ ಎಂಬ ಸಣ್ಣ ಉಪಕರಣದಿಂದ. ಒತ್ತಿದಾಗ ವಿದ್ಯುತ್ತನ್ನು ಹುಟ್ಟಿಸುವ ಹರಳನ್ನೊಳಗೊಂಡ ಈ ಸೆನ್ಸರನ್ನು ಎಂಜಿನ್ನಿನ ಮೈಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಸಿಲಿಂಡರಿನಲ್ಲಿ ಆ 6,700ರ ಆಸುಪಾಸಿನ ಮೊಳಗು ಎದ್ದೊಡನೆ, ಚಾಲಕನ ಕಿವಿಗೆ ಅದು ಬೀಳುವ ಮೊದಲೇ, ಸೆನ್ಸರ್ ಎಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರು ಕಿಡಿ ಹಾರುವ ಸಮಯವನ್ನು ಒಂದೆರಡು ಡಿಗ್ರಿಯಷ್ಟು ತಡಮಾಡುತ್ತದೆ. ಇಲ್ಲಿ ಡಿಗ್ರಿ ಎಂದರೆ ಬಿಸಿಯ ಅಳತೆಯಲ್ಲ, ಎಂಜಿನ್ನಿನ ತಿರುಗುವಿಕೆಯ ಕೋನ. 6,000 ಸುತ್ತಿನ ವೇಗದಲ್ಲಿ ಒಂದು ಡಿಗ್ರಿ ಎಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 28 ಪಾಲು. ತಡವಾಗಿ ಹೊತ್ತಿದ ಉರಿಯು ಪಿಸ್ಟನ್ ಕೆಳಗಿಳಿಯತೊಡಗಿದ ಮೇಲೆ ತನ್ನ ಶಿಖರವನ್ನು ಮುಟ್ಟುವುದರಿಂದ ಮೂಲೆಯ ಮಿಶ್ರಣದ ಮೇಲಿನ ಒತ್ತಡ ಇಳಿದು ನಾಕಿಂಗ್ ನಿಲ್ಲುತ್ತದೆ. ಆದರೆ ನೂಕಿನ ಒಂದು ಪಾಲೂ ಅದರೊಡನೆ ವ್ಯರ್ಥವಾಗುತ್ತದೆ, ಶಾಖವು ಕೆಲಸವಾಗದೆ ಸೈಲೆನ್ಸರಿನ ಕಡೆಗೆ ಹೋಗುತ್ತದೆ. 1989ರ ಮಾದರಿಯ ಪೋರ್ಶೆ 911 ಕ್ಯಾರೆರಾ 4ರಲ್ಲಿ, ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ 11.3ರಷ್ಟು ಅನುಪಾತವನ್ನು ಕೊಡಲು ಸಾಧ್ಯವಾದದ್ದಕ್ಕೆ ಇಂಥ ನಾಕ್ ನಿಯಂತ್ರಣವೂ, ಪ್ರತಿ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ ಇಟ್ಟು ಜ್ವಾಲೆ ಸಾಗಬೇಕಾದ ದಾರಿಯನ್ನು ಮೊಟಕುಗೊಳಿಸಿದ ಉಪಾಯವೂ ಕಾರಣ.

ಸಾದಾ ಪೆಟ್ರೋಲಿನಿಂದ ಕಳೆದುಹೋಗುವುದು ಎಷ್ಟು ಎಂಬುದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಅಮೆರಿಕದ ವಾಹನ ಬಳಕೆದಾರರ ಸಂಘವಾದ ಎಎಎ 2017ರಲ್ಲಿ, ಪ್ರೀಮಿಯಂ ಪೆಟ್ರೋಲನ್ನು ಶಿಫಾರಸು ಮಾಡುವ, ಆದರೆ ಕಡ್ಡಾಯ ಮಾಡದ ಆರು ವಾಹನಗಳನ್ನು ಎರಡೂ ಬಗೆಯ ಪೆಟ್ರೋಲಿನಲ್ಲಿ ಪರೀಕ್ಷಿಸಿತು. ಅವುಗಳಲ್ಲಿ ಮಜ್ದಾ ಎಂಎಕ್ಸ್-5 ಮತ್ತು ಐದು ಲೀಟರಿನ ಎಂಟು ಸಿಲಿಂಡರ್ ಎಂಜಿನ್ನುಳ್ಳ ಫೋರ್ಡ್ ಮಸ್ಟಾಂಗ್ ಜಿಟಿ ಕೂಡ ಇದ್ದವು. ಪ್ರೀಮಿಯಂ ಹಾಕಿದಾಗ ಸರಾಸರಿಯಾಗಿ ಮೈಲೇಜು ಶೇಕಡ 2.7, ಶಕ್ತಿ ಶೇಕಡ 1.4ರಷ್ಟು ಹೆಚ್ಚಿದವು. ಶಕ್ತಿಯಲ್ಲಿ ಅತಿ ಹೆಚ್ಚು ಏರಿಕೆ ಕಂಡದ್ದು ಮಸ್ಟಾಂಗಿನಲ್ಲಿ, ಅದು ಶೇಕಡ 3.2, ಆ ವರ್ಷದ ಮಾದರಿಗೆ ಕಂಪನಿ ಹೇಳಿದ 435 ಅಶ್ವಶಕ್ತಿಗೆ ಹೊಂದಿಸಿ ನೋಡಿದರೆ ಹದಿಮೂರೋ ಹದಿನಾಲ್ಕೋ ಅಶ್ವಶಕ್ತಿ. ನಗರದ ಸಿಗ್ನಲಿನಿಂದ ಸಿಗ್ನಲಿಗೆ ಸಾಗುವವರ ಅನುಭವಕ್ಕೆ ಈ ವ್ಯತ್ಯಾಸ ಬರುವುದೇ ಇಲ್ಲ, ರೇಸಿನ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಗೊತ್ತಾಗುತ್ತದೆ. ಟರ್ಬೊ ಎಂಜಿನ್ನುಗಳಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಿರಬಹುದು, ಏಕೆಂದರೆ ಅಲ್ಲಿ ಕಂಪ್ಯೂಟರು ಕಿಡಿಯನ್ನು ತಡಮಾಡುವುದರ ಜೊತೆಗೆ ಟರ್ಬೊ ತುಂಬುವ ಗಾಳಿಯನ್ನೂ ತಗ್ಗಿಸುತ್ತದೆ. ಮಜ್ದಾ ತನ್ನ ಎರಡೂವರೆ ಲೀಟರಿನ ಟರ್ಬೊ ಎಂಜಿನ್ನಿಗೆ ಎರಡು ಅಂಕಿಗಳನ್ನು ತಾನೇ ಪ್ರಕಟಿಸಿತ್ತು: 93ರ ಪೆಟ್ರೋಲಿನಲ್ಲಿ 250 ಅಶ್ವಶಕ್ತಿ, 87ರದರಲ್ಲಿ 227. ಗ್ರಾಹಕರಿಗೆ ಹೀಗೆ ಮುಚ್ಚುಮರೆಯಿಲ್ಲದೆ ತಿಳಿಸುವ ಪದ್ಧತಿಯನ್ನು ಎಲ್ಲ ಕಂಪನಿಗಳೂ ಅನುಸರಿಸಬೇಕಾದದ್ದು ನ್ಯಾಯ.

ಇಲ್ಲಿ ಎರಡು ಪದಗಳ ಅಂತರವನ್ನು ಗಮನಿಸಲೇಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿಯೂ ಕಾರಿನ ಕೈಪಿಡಿಯಲ್ಲಿಯೂ ಪ್ರೀಮಿಯಂ ‘ಶಿಫಾರಸು’ ಎಂದಿದ್ದರೆ, ಸಾದಾ ಪೆಟ್ರೋಲಿನಲ್ಲಿಯೂ ಎಂಜಿನ್ನು ತನ್ನನ್ನು ತಾನು ಕಾಪಾಡಿಕೊಳ್ಳುವಂತೆ ತಯಾರಕರು ಅದನ್ನು ಪರೀಕ್ಷಿಸಿರುತ್ತಾರೆ. ಕಳೆಯುವುದು ಸ್ವಲ್ಪ ಶಕ್ತಿ, ಸ್ವಲ್ಪ ಮೈಲೇಜು. ‘ಕಡ್ಡಾಯ’ ಎಂದಿದ್ದರೆ, ಅಥವಾ ಇಂತಿಷ್ಟಕ್ಕಿಂತ ಕಡಿಮೆ ಆಕ್ಟೇನ್ ಸಲ್ಲದು ಎಂದು ಬರೆದಿದ್ದರೆ, ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ನಾಕ್ ಸೆನ್ಸರ್ ಇದೆಯಲ್ಲ ಎಂಬ ಭರವಸೆ ಅಲ್ಲಿ ಸಾಲದು. ಸೆನ್ಸರ್ ಕೆಲಸ ಮಾಡುವುದು ನಾಕಿಂಗ್ ಆದ ಮೇಲೆಯೇ ಹೊರತು ಆಗುವ ಮೊದಲಲ್ಲ, ಕಂಪ್ಯೂಟರು ಕಿಡಿಯನ್ನು ತಡಮಾಡುವುದಕ್ಕೂ ಒಂದು ಮಿತಿಯಿದೆ. ಬೇಸಿಗೆಯ ಮಧ್ಯಾಹ್ನದ ಬಿಸಿಗಾಳಿ, ಪೂರ್ತಿ ಒತ್ತಿದ ಆಕ್ಸಿಲರೇಟರ್, ಉದ್ದನೆಯ ಏರು ಇವೆಲ್ಲ ಒಟ್ಟಿಗೆ ಸೇರಿದಾಗ ಆ ಮಿತಿ ಮುಗಿದುಹೋಗಬಹುದು. ಕಿಡಿ ತಡವಾದಷ್ಟೂ ಹೊಗೆಯ ಬಿಸಿ ಏರುವುದರಿಂದ ಟರ್ಬೊ ಚಕ್ರಕ್ಕೂ ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ತೊಂದರೆ ತಪ್ಪಿದ್ದಲ್ಲ. ಕೈಪಿಡಿಗೆ ವಿರುದ್ಧವಾದ ಪೆಟ್ರೋಲಿನಿಂದ ಎಂಜಿನ್ನು ಕೆಟ್ಟರೆ ವಾರಂಟಿಯ ರಕ್ಷಣೆಯೂ ಕೈತಪ್ಪಬಹುದು.

ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿದರೆ ಸಿಗುವ ಉತ್ತರ ಎರಡು ಪಕ್ಷದವರಿಗೂ ಪೂರ್ತಿ ಹಿಡಿಸಲಾರದು. ಎಎಎ ಪರೀಕ್ಷೆಯ ಕಾಲಕ್ಕೆ ಅಮೆರಿಕದಲ್ಲಿ ಪ್ರೀಮಿಯಂ ಪೆಟ್ರೋಲಿನ ಬೆಲೆ ಸಾದಾ ಪೆಟ್ರೋಲಿಗಿಂತ ಶೇಕಡ 20ರಿಂದ 25ರಷ್ಟು ಹೆಚ್ಚಿತ್ತು. ಹೆಚ್ಚಿದ ಮೈಲೇಜು ಶೇಕಡ 2.7 ಮಾತ್ರವಾದ್ದರಿಂದ, ಬರೀ ಉಳಿತಾಯದ ದೃಷ್ಟಿಯಿಂದ ಪ್ರೀಮಿಯಂ ಹಾಕುವುದಕ್ಕೆ ಸಮರ್ಥನೆ ದೊರೆಯುವುದಿಲ್ಲ. ಅದನ್ನು ಹಾಕಬೇಕಾದದ್ದು ಎಂಜಿನ್ನಿನ ಪೂರ್ಣಶಕ್ತಿ ಬೇಕಾದವರು, ಅಥವಾ ಅದರ ಸುರಕ್ಷತೆಗೆ ಪ್ರೀಮಿಯಂ ಅನಿವಾರ್ಯವಾದವರು. ಇದಕ್ಕಿಂತ ಹೆಚ್ಚು ನೋವಿನ ಸಂಗತಿ ಅದೇ ಸಂಘದ 2016ರ ಅಧ್ಯಯನದಲ್ಲಿದೆ: ಸಾದಾ ಪೆಟ್ರೋಲಿಗಾಗಿಯೇ ರೂಪಿಸಿದ ಕಾರುಗಳಿಗೆ ಪ್ರೀಮಿಯಂ ತುಂಬಿಸಿ ಅಮೆರಿಕದವರು ಒಂದೇ ವರ್ಷದಲ್ಲಿ 210 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ವ್ಯರ್ಥಮಾಡಿದ್ದರೆಂದೂ, ಅಂಥ ಕಾರುಗಳಲ್ಲಿ ಶಕ್ತಿ, ಮೈಲೇಜು, ಹೊಗೆ ಮೂರರಲ್ಲಿಯೂ ಗಮನಾರ್ಹವಾದ ಲಾಭ ಕಾಣಲಿಲ್ಲವೆಂದೂ ಅದು ತಿಳಿಸಿತು. ಕಾರಿನ ಮೇಲಿನ ಅಕ್ಕರೆಯಿಂದ, ಅದಕ್ಕೆ ಒಳ್ಳೆಯದನ್ನು ಮಾಡುತ್ತಿದ್ದೇವೆಂಬ ಭಾವನೆಯಿಂದ ಖರ್ಚಾದ ಹಣ ಅದು.

ಮೇಲಿನ ಅಂಕಿಗಳನ್ನು ಓದಿದ ಭಾರತೀಯ ಓದುಗರಿಗೆ ಒಂದು ಗೊಂದಲ ಹುಟ್ಟುವುದು ಸಹಜ. ಅಮೆರಿಕದ ಸಾದಾ ಪೆಟ್ರೋಲು 87, ಪ್ರೀಮಿಯಂ 91ರಿಂದ 93. ಭಾರತದ ಸಾದಾ ಪೆಟ್ರೋಲೇ ಬಹುಕಾಲ 91 ಇದ್ದಿತು. ಹಾಗಾದರೆ ಇಲ್ಲಿಯ ಆ ಸಾದಾ ಪೆಟ್ರೋಲು ಅಲ್ಲಿಯ ಪ್ರೀಮಿಯಂಗೆ ಸಮವಾಗಿತ್ತೇ? ಇಲ್ಲ, ಏಕೆಂದರೆ ಎರಡು ದೇಶಗಳ ಅಂಕಿಗಳು ಬೇರೆ ಬೇರೆ ಗಜಕಡ್ಡಿಯಿಂದ ಅಳೆದವು. ಪರೀಕ್ಷಾ ಎಂಜಿನ್ನನ್ನು ನಿಮಿಷಕ್ಕೆ 600 ಸುತ್ತಿನಲ್ಲಿ, ಸೌಮ್ಯವಾದ ಸ್ಥಿತಿಯಲ್ಲಿ ಓಡಿಸಿ ಪಡೆದ ಅಂಕಿಗೆ ರಿಸರ್ಚ್ ಆಕ್ಟೇನ್ ಸಂಖ್ಯೆ, ಚಿಕ್ಕದಾಗಿ ಆರ್‌ಒಎನ್, ಎನ್ನುತ್ತಾರೆ. 900 ಸುತ್ತಿನಲ್ಲಿ, ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಿ, ಕಠಿಣವಾದ ಸ್ಥಿತಿಯಲ್ಲಿ ಪಡೆದದ್ದು ಮೋಟಾರ್ ಆಕ್ಟೇನ್ ಸಂಖ್ಯೆ, ಅದು ಸಾಮಾನ್ಯವಾಗಿ ಎಂಟು ಹತ್ತು ಅಂಕಿ ಕೆಳಗಿರುತ್ತದೆ. ಭಾರತ ಮತ್ತು ಯುರೋಪಿನ ಬಂಕುಗಳು ಮೊದಲನೆಯದನ್ನು ತೋರಿಸಿದರೆ, ಅಮೆರಿಕದ ಬಂಕಿನ ಹಳದಿ ಚೀಟಿಯಲ್ಲಿರುವುದು ಎರಡರ ಸರಾಸರಿ. ಆದ್ದರಿಂದ ಅಲ್ಲಿಯ 87 ಇಲ್ಲಿಯ 91ಕ್ಕೆ, ಅಲ್ಲಿಯ 91 ಇಲ್ಲಿಯ 95–96ಕ್ಕೆ, ಅಲ್ಲಿಯ 93 ಇಲ್ಲಿಯ 98ಕ್ಕೆ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಲ್ಲಿಯ 91ಕ್ಕೆ ಒಗ್ಗಿದ ಕನ್ನಡಿಗರು ಊರಿಗೆ ಬಂದಾಗ ಇಲ್ಲಿಯ ಅಂಕಿಯನ್ನೂ ಅದೇ ಅಳತೆಯದೆಂದು ಭಾವಿಸಿದರೆ ನಾಲ್ಕೈದು ಅಂಕಿಯ ತಪ್ಪಾಗುತ್ತದೆ. ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಅದು ಸಣ್ಣ ತಪ್ಪಲ್ಲ.

ಭಾರತದಲ್ಲಿ ‘ಪ್ರೀಮಿಯಂ’ ಎಂಬ ಪದಕ್ಕೆ ಇನ್ನೊಂದು ತೊಡಕಿನ ಚರಿತ್ರೆಯೂ ಇದೆ. 2002ರ ಸುಮಾರಿಗೆ ಸ್ಪೀಡ್, ಪವರ್ ಮೊದಲಾದ ಹೆಸರುಗಳಲ್ಲಿ ಬಂದ ಪೆಟ್ರೋಲುಗಳ ವಿಶೇಷವಿದ್ದದ್ದು ಎಂಜಿನ್ನಿನೊಳಗಿನ ಕಿಟ್ಟವನ್ನು ತೊಳೆಯುವ ರಾಸಾಯನಿಕಗಳಲ್ಲಿಯೇ ಹೊರತು ಹೆಚ್ಚಿನ ಆಕ್ಟೇನಿನಲ್ಲಿ ಅಲ್ಲ. 95, 99, 100 ಎಂಬ ಅಂಕಿಯನ್ನು ಹೆಸರಿನಲ್ಲೇ ಹೊತ್ತ ಪೆಟ್ರೋಲುಗಳು ಆಮೇಲಿನವು. ಇಂಡಿಯನ್ ಆಯಿಲ್ ಕಂಪನಿಯ ಎಕ್ಸ್‌ಪಿ100 ಬಿಡುಗಡೆಯಾದದ್ದು 2020ರ ಡಿಸೆಂಬರಿನಲ್ಲಿ. ಆದ್ದರಿಂದ ಬಂಕಿನಲ್ಲಿ ಹೆಸರಿಗಿಂತ ಅಂಕಿಯನ್ನು ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಈಚೆಗೆ ಎಥನಾಲ್ ಈ ಲೆಕ್ಕವನ್ನೇ ಬದಲಿಸಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಚಾಲನೆ ನೀಡಿದ, ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಭಾರತೀಯ ಮಾನಕದಲ್ಲಿ 95 ಆರ್‌ಒಎನ್ ನಿಗದಿಯಾಗಿದೆ, ಏಕೆಂದರೆ ಎಥನಾಲಿನ ತಾಳಿಕೆ ಪೆಟ್ರೋಲಿನದಕ್ಕಿಂತ ಬಹಳ ಹೆಚ್ಚು. ಅದು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿ ಮಿಶ್ರಣವನ್ನು ತಣಿಸುತ್ತದೆ ಕೂಡ. ಆದರೆ ಲೀಟರಿಗೆ ಅದರ ಶಾಖಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆಯಿರುವುದರಿಂದ ಮೈಲೇಜು ಇಳಿಯುತ್ತದೆ. ಎಥನಾಲಿಗೆ ಹೊಂದದ ಹಳೆಯ ಕಾರುಗಳ ರಬ್ಬರಿನ ಭಾಗಗಳಿಗೆ ಅದು ಒಗ್ಗದಿರುವ ಪ್ರಶ್ನೆ ಬೇರೆಯೇ ಇದೆ. ಆಕ್ಟೇನ್ ಏರಿದಾಗ ಶಕ್ತಿಯೂ ಏರಿರಬೇಕೆಂಬ ನಂಬಿಕೆಗೆ ಎಥನಾಲಿಗಿಂತ ನೇರವಾದ ಉತ್ತರ ಬೇಕಿಲ್ಲ.

ಊರಿನ ಎತ್ತರ ಮತ್ತು ಹವೆಯೂ ಲೆಕ್ಕಕ್ಕೆ ಬರುತ್ತವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನಲ್ಲಿರುವುದಕ್ಕಿಂತ ಶೇಕಡ ಹತ್ತರಷ್ಟು ಕಡಿಮೆಯಿರುವುದರಿಂದ, ಟರ್ಬೊ ಇಲ್ಲದ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯೂ ಅಷ್ಟೇ ಕಡಿಮೆ, ನಾಕಿಂಗಿನ ಸಂಭವವೂ ಕಡಿಮೆ. ಅಮೆರಿಕದ ಕೊಲರಾಡೊದಂಥ ಬೆಟ್ಟದ ಸೀಮೆಯಲ್ಲಿ 85ರ ಪೆಟ್ರೋಲನ್ನು ಮಾರುವ ಪದ್ಧತಿ ಹುಟ್ಟಿದ್ದು ಈ ಕಾರಣದಿಂದ. ಟರ್ಬೊ ಎಂಜಿನ್ನು ಕೊರತೆಯ ಗಾಳಿಯನ್ನು ತಾನೇ ತುಂಬಿಕೊಳ್ಳುವುದರಿಂದ ಅದಕ್ಕೆ ಈ ರಿಯಾಯಿತಿಯಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಪರಿಸ್ಥಿತಿ ಇದಕ್ಕೆ ವಿರುದ್ಧ: ಒಳಗೆ ಹೋಗುವ ಗಾಳಿಯೇ ಬಿಸಿಯಾಗಿರುವುದರಿಂದ ಪೆಟ್ರೋಲಿನ ತಾಳಿಕೆಯ ಪರೀಕ್ಷೆ ಅಲ್ಲಿ ಹೆಚ್ಚು ಕಠಿಣ.

ದೂರದ ಪ್ರಯಾಣದಲ್ಲಿ ಪ್ರೀಮಿಯಂ ಸಿಗದ ಊರಿನಲ್ಲಿ ಟ್ಯಾಂಕು ಬರಿದಾದರೆ ಗಾಬರಿಯಾಗುವ ಕಾರಣವಿಲ್ಲ. ಮುಂದಿನ ದೊಡ್ಡ ಊರಿನವರೆಗೆ ಸಾಕಾಗುವಷ್ಟು ಸಾದಾ ಪೆಟ್ರೋಲನ್ನು ಮಾತ್ರ ಹಾಕಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತದೆ, ಏರಿನಲ್ಲಿ ಗೇರು ಇಳಿಸಿ ಎಂಜಿನ್ನನ್ನು ತುಸು ವೇಗವಾಗಿ ತಿರುಗಲು ಬಿಟ್ಟು ಸಾಗಿದರೆ ಬಹುತೇಕ ಎಲ್ಲ ಆಧುನಿಕ ಕಾರುಗಳೂ ಸುರಕ್ಷಿತವಾಗಿ ದಾರಿ ಮುಗಿಸುತ್ತವೆ; ನಿಧಾನವಾಗಿ ತಿರುಗುವ ಎಂಜಿನ್ನಿನ ಮೇಲೆ ಭಾರ ಹೇರುವುದೇ ನಾಕಿಂಗಿಗೆ ಹೆಚ್ಚು ಅವಕಾಶ ಕೊಡುವುದು, ಏಕೆಂದರೆ ಮೂಲೆಯ ಮಿಶ್ರಣ ಆಗ ಹೆಚ್ಚು ಹೊತ್ತು ಬಿಸಿಯಲ್ಲಿ ಕಾಯಬೇಕಾಗುತ್ತದೆ. ಸೆನ್ಸರ್ ಇಲ್ಲದ, ಕಾರ್ಬುರೇಟರಿನ ಕಾಲದ ಸ್ಪೋರ್ಟ್ಸ್ ಕಾರುಗಳ ಮಾತು ಬೇರೆ. ಅಲ್ಲಿ ಕಿಡಿಯ ಸಮಯವನ್ನು ಮೆಕ್ಯಾನಿಕ್ಕಿನ ಕೈಯೇ ಸರಿಪಡಿಸಬೇಕು, ಸದ್ದನ್ನು ಚಾಲಕನ ಕಿವಿಯೇ ಹಿಡಿಯಬೇಕು. ಪ್ರೀಮಿಯಂ ಸಿಗುವ ಊರು ತಲುಪಿದ ಮೇಲೆ, ಅರ್ಧ ಟ್ಯಾಂಕು 91ರ ಪೆಟ್ರೋಲಿಗೆ ಅರ್ಧ ಟ್ಯಾಂಕು 99ರದು ಸೇರಿಸಿದರೆ ಒಟ್ಟು ಸುಮಾರು 95 ಆಗುತ್ತದೆ. ಆದರೆ ಸೆನ್ಸರ್ ಇರುವ ಕಾರಿನಲ್ಲಿ, ಹೀಗೆ ಪ್ರೀಮಿಯಂ ಮತ್ತೆ ಟ್ಯಾಂಕಿಗೆ ಬಂದೊಡನೆ ಕಳೆದುಹೋದ ಶಕ್ತಿ ಒಂದೇ ಬಾರಿಗೆ ಮರಳುವುದಿಲ್ಲ. ನಾಕಿಂಗ್ ಕೇಳಿದಾಗ ಕಿಡಿಯನ್ನು ತಟ್ಟನೆ ಹಿಂದಕ್ಕೆಳೆದ ಕಂಪ್ಯೂಟರು, ಮುಂದಕ್ಕೆ ತರುವಾಗ ಎಚ್ಚರದಿಂದ ಸ್ವಲ್ಪ ಸ್ವಲ್ಪವೇ ತರುತ್ತದೆ, ಪ್ರತಿ ಹೆಜ್ಜೆಗೂ ಸೆನ್ಸರಿನ ಮಾತಿಗೆ ಕಾಯುತ್ತದೆ. ಆದ್ದರಿಂದ ಕಾರು ಮೊದಲಿನ ಹದಕ್ಕೆ ಬರಲು ಕೆಲವೊಮ್ಮೆ ಹತ್ತಾರು ಕಿಲೋಮೀಟರಿನ ಓಟವೇ ಬೇಕಾಗುತ್ತದೆ.